ಲಡಾಖಿಗೆ ಹೋಗದ ಕೋಟುಗಳು

ಅವರ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಚ್ಚು ಇತ್ತು. ನೂಲನ್ನು ಅದೇ ಜಾಗದಲ್ಲಿ ಎಳೆದೆಳೆದು ಉಗುರು ಸವೆದು, ಗರಗಸದ ಒಂದೇ ಒಂದು ಹಲ್ಲನ್ನು ಕಿತ್ತಂತೆ ಕಾಣುತ್ತಿತ್ತು. ಉಗುರು ಕತ್ತರಿಸಿದರೆ ಕಚ್ಚು ಮಾಯವಾಗುತ್ತಿತ್ತು, ಸ್ವಲ್ಪ ದಿನಕ್ಕೆ ಅಲ್ಲೇ ಮತ್ತೆ ಮೂಡುತ್ತಿತ್ತು. ಚಹಾದ ಲೋಟವನ್ನು ಅವರು ನನ್ನ ಮುಂದೆ ಇಟ್ಟಾಗಲೆಲ್ಲ ನನ್ನ ಕಣ್ಣು ಮೊದಲು ಆ ಉಗುರಿನ ಮೇಲೆ ಬೀಳುತ್ತಿತ್ತು.

ಸಿಯಾಟಲ್ ಹತ್ತಿರದ ಮುಕಿಲ್ಟಿಯೊದಲ್ಲಿ ನಮ್ಮದು ಒಂದೇ ಕಟ್ಟಡ. ಕೆಳಗಿನ ಮನೆ ನನ್ನದು, ಮೇಲಿನದು ಅವರ ಮಗಳು-ಅಳಿಯನದು. ಅವರು ಮೈಸೂರಿನವರು. ತಂದೆ ರಫು ಕೆಲಸದಲ್ಲಿ ಹೆಸರು ಮಾಡಿದವರು. ಹರಿದ ಶಾಲು, ಕಿಡಿ ಬಿದ್ದು ತೂತಾದ ಸೂಟು, ಇಲಿ ಕಡಿದ ರೇಷ್ಮೆ ಸೀರೆ ಇಂಥವನ್ನೆಲ್ಲ ಹರಿದೇ ಇರಲಿಲ್ಲ ಎನ್ನುವಂತೆ ನೇಯ್ದು ಕೊಡುವ ಕೆಲಸ ಅದು. ತಂದೆಯಿಂದ ಇವರು ಕಲಿತರು. ಮಗಳ ಜೊತೆ ಇರಲು ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಪಕ್ಕದೂರು ಎವರೆಟ್ಟಿನಿಂದ, ಸಿಯಾಟಲ್ಲಿನ ಯೂನಿವರ್ಸಿಟಿ ಡಿಸ್ಟ್ರಿಕ್ಟಿನಿಂದ ನಮ್ಮ ಜನ ಹರಿದ ಬಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ನಾನು ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆ, ಅವರು ನನ್ನನ್ನು ಭಾಯಿ ಎನ್ನುತ್ತಿದ್ದರು.

ಹಗಲ ಬೆಳಕಿದ್ದರೆ ಮಾತ್ರ ಅವರು ಸೂಜಿ ಹಿಡಿಯುತ್ತಿದ್ದುದು. ಈ ಊರಿನಲ್ಲಿ ಅದೊಂದು ದೊಡ್ಡ ತೊಂದರೆ. ಮೋಡ ಮುಚ್ಚಿಕೊಂಡು ಕೂತರೆ ವಾರಗಟ್ಟಲೆ ಬಿಡುವುದಿಲ್ಲ. ಕಿಟಕಿಯ ಬಳಿ ಕೂತು, ದೂರದಲ್ಲಿ ಫೆರಿ ಹಡಗು ಹೋಗಿ ಬರುವುದನ್ನು ನೋಡುತ್ತ, "ನಿಮ್ಮ ಸಿಯಾಟಲ್‌ಗೆ ಯಾರಾದ್ರೂ ಒಂದು ಬಲ್ಬ್ ಹಾಕ್ಸಿ ಭಾಯಿ" ಎನ್ನುತ್ತಿದ್ದರು. ಮಗಳು ಒಳ್ಳೆಯ ದೀಪ ತಂದುಕೊಟ್ಟಿದ್ದಳು. ಅದರ ಕೆಳಗೆ ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು, ಅಷ್ಟೆ.

ಎರಡು ಪದ್ಧತಿಗಳನ್ನು ಅವರು ತಂದೆಯಿಂದ ಇಟ್ಟುಕೊಂಡಿದ್ದರು. ಬಟ್ಟೆ ಕೈಗೆ ಬಂದ ಕೂಡಲೇ, "ಯಾರು ಹಾಕ್ಕೋತಾರೆ ಇದನ್ನ?" ಎಂದು ಕೇಳುವುದು ಮೊದಲನೆಯದು. ಹಾಕಿಕೊಳ್ಳುವವರು ದಪ್ಪಗಿರುವವರೋ ಸಣ್ಣಗಿರುವವರೋ, ನಡೆಯುವವರೋ ಕೂರುವವರೋ ತಿಳಿದರೆ ನೂಲನ್ನು ಎಷ್ಟು ಬಿಗಿಯಬೇಕು ಎಂಬುದು ಗೊತ್ತಾಗುತ್ತದೆಯಂತೆ. ಇನ್ನೊಂದು, ಕೆಲಸ ಮುಗಿದ ಮೇಲೆ ಬಟ್ಟೆಯ ಒಳಮೈಯಲ್ಲಿ ಹಸಿರು ನೂಲಿನ ಒಂದು ಸಣ್ಣ ಗಂಟು ಹಾಕುವುದು. ಹೊರಗಿನಿಂದ ಕಾಣಿಸದು. ನಾನೊಮ್ಮೆ ಕೇಳಿದ್ದೆ, ಇಷ್ಟು ಚೆಂದ ಮುಚ್ಚಿ ಮತ್ತೆ ಗುರುತು ಯಾಕೆ ಎಂದು.

"ಹೊರಗಿನೋರಿಗೆ ಕಾಣಬಾರ್ದು, ಮರ್ಯಾದೆ ಪ್ರಶ್ನೆ. ಆದ್ರೆ ಬಟ್ಟೆ ಯಾರ್ದೋ ಅವರಿಗೆ ಗೊತ್ತಿರ್ಬೇಕು, ಇಲ್ಲಿ ಹರಿದಿತ್ತು ಅಂತ. ಇಲ್ದಿದ್ರೆ ನಾನು ಮಾಡಿದ್ದು ರಫು ಅಲ್ಲ ಭಾಯಿ, ಮೋಸ."

ಈ ಮಾತನ್ನು ಅವರು ನನ್ನ ಮುಂದೆಯೇ ಹೇಳಿದ್ದರು. ನಾನು ಚಹಾ ಕುಡಿಯುತ್ತ ತಲೆದೂಗಿದ್ದೆ.

ಇಲ್ಲಿ ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ನಾನು ಗದುಗಿನವನು. ಎಸ್ಸೆಸ್ಸೆಲ್ಸಿ ಮುಗಿಸಿದವನು, ಅಕ್ಕ-ಭಾವ ಕರೆಸಿಕೊಂಡರೆಂದು ಇಲ್ಲಿಗೆ ಬಂದೆ. ಎವರೆಟ್ಟಿನ ಒಂದು ಗೋದಾಮಿನಲ್ಲಿ ನಿವೃತ್ತಿಯವರೆಗೂ ದುಡಿದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಆದೆ. ನಮ್ಮ ಕನ್ನಡದವರ ಕೂಟಗಳಲ್ಲಿ ಎಲ್ಲರೂ ಓದಿದವರು, ದೊಡ್ಡ ಕಂಪನಿಗಳವರು. ಅವರ ನಡುವೆ ನನಗೆ ಒಂದು ಸ್ಥಾನ ಸಿಕ್ಕಿದ್ದು ಒಂದೇ ಕಾರಣಕ್ಕೆ. ನಾನು ರಿಟರ್ನ್ಸ್ ಅಂಕಲ್ ಆಗಿದ್ದೆ.

ಊರಿನಿಂದ ಅಪ್ಪ-ಅಮ್ಮ, ಬೀಗರು ಬಂದರೆ ಕೋಟು, ಬೂಟು, ಹಾಸಿಗೆ ಎಲ್ಲ ಬೇಕಾಗುತ್ತದೆ. ಅವರು ಹಿಂತಿರುಗಿದ ಮೇಲೆ ಯಾವುದೂ ಬೇಕಾಗುವುದಿಲ್ಲ. ಕೊಂಡು, ಟ್ಯಾಗನ್ನು ಒಳಗೆ ಮಡಿಚಿಟ್ಟು, ಬಳಸಿ, ಅವರನ್ನು ವಿಮಾನ ಹತ್ತಿಸಿದ ಮೇಲೆ ಅಂಗಡಿಗೆ ವಾಪಸ್ ಕೊಡುವುದು ನಮ್ಮವರಲ್ಲಿ ಎಷ್ಟೋ ಜನರಿಗೆ ರೂಢಿ. ಯಾವ ಅಂಗಡಿ ಎಷ್ಟು ದಿನ ಬಿಡುತ್ತದೆ, ಯಾರು ಮೂಸಿ ನೋಡುತ್ತಾರೆ, ಯಾರು ನೋಡುವುದಿಲ್ಲ ಎಲ್ಲ ನನಗೆ ಗೊತ್ತಿತ್ತು. ಫೋನ್ ಮಾಡಿ ಕೇಳುತ್ತಿದ್ದರು. ಒಬ್ಬರ ಬೀಗರು ಫೆರಿಯ ಮೇಲೆ ನಿಂತು ತೆಗೆಸಿಕೊಂಡ ಫೋಟೊಗಳಲ್ಲೆಲ್ಲ ಗಾಳಿಗೆ ಟ್ಯಾಗ್ ಹೊರಬಂದು ಕೆನ್ನೆಗೆ ಅಂಟಿಕೊಂಡಿತ್ತು. ಬೀಗರಿಗೆ ಅದು ತಿಳಿದು ದೊಡ್ಡ ಮುನಿಸಾಯಿತು. ಅದನ್ನೂ ನಾವು ನಗುತ್ತ ಹೇಳಿಕೊಳ್ಳುತ್ತಿದ್ದೆವು. ಕಳ್ಳತನ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಜಾಣತನ ಎನ್ನುತ್ತಿದ್ದೆವು.

ಆಪಾ ಅವರ ಬಳಿ ನಾನು ಮೊದಲ ಸಲ ಹೋಗಿದ್ದೂ ಇಂಥದೇ ಕೆಲಸಕ್ಕೆ. ಒಬ್ಬರ ಮಾವ ಹೊಸ ಕೋಟನ್ನು ಮುಳ್ಳುಕಂಟಿಗೆ ಸಿಕ್ಕಿಸಿ ಹರಿದುಕೊಂಡಿದ್ದರು.

"ಯಾರು ಹಾಕ್ಕೋತಾರೆ?" ಎಂದರು.

"ಯಾರೂ ಹಾಕ್ಕೊಳ್ಳೂದಿಲ್ರಿ ಆಪಾ. ಅಂಗಡಿಗೆ ವಾಪಸ್ ಕೊಡೂದೈತಿ."

ಅವರು ಕೋಟನ್ನು ಮಡಿಚಿ ನನ್ನ ತೊಡೆಯ ಮೇಲೆ ಇಟ್ಟರು. "ಹಾಕ್ಕೊಳ್ಳೋರು ಇಲ್ದಿರೋ ಬಟ್ಟೆಗೆ ನಾನು ಸೂಜಿ ಹಾಕಲ್ಲ. ಚಹಾ ಕುಡೀತೀರಾ?"

ನಾನು ಅದರಿಂದ ಪಾಠ ಕಲಿಯಬೇಕಿತ್ತು. ಕಲಿತೆ ಕೂಡ, ಆದರೆ ಬೇರೆಯದನ್ನು. ಮುಂದಿನ ಸಲ ಬರುವಾಗ ಹಾಕಿಕೊಳ್ಳುವವರ ಹೆಸರು ಜೊತೆಗಿರಬೇಕು ಎಂಬುದನ್ನು ಕಲಿತೆ.

ಮುಂದಿನ ಸಲ ಬಂದದ್ದು ಗೋದಾಮಿನ ಹಳೆಯ ಸಹೋದ್ಯೋಗಿಯೊಬ್ಬನಿಂದ. ಉಣ್ಣೆಯ ಒಳ್ಳೆಯ ಕೋಟುಗಳು, ಹೊಸವು, ಆದರೆ ಒಂದೊಂದರ ಕಾಲರಿನ ಬಳಿಯೂ ಒಂದು ಹರಕು. ತಯಾರಿಕೆಯಲ್ಲಿ ಕೆಟ್ಟ ಮಾಲು, ಅಗ್ಗಕ್ಕೆ ಸಿಕ್ಕಿತು ಎಂದ. ಇಂಟರ್‌ನೆಟ್‌ನಲ್ಲಿ ಮಾರಿಕೊಡು, ಬಂದದ್ದನ್ನು ಹಂಚಿಕೊಳ್ಳೋಣ ಎಂದ. ಕಾರ್ಖಾನೆಯಲ್ಲಿ ಕೆಟ್ಟ ಮಾಲು ಎಲ್ಲವೂ ಒಂದೇ ಜಾಗದಲ್ಲಿ, ಕಿತ್ತ ಹಾಗೆ ಕೆಡುತ್ತದೆಯೇ? ಆ ಜಾಗದಲ್ಲಿ ಅಂಗಡಿಯವರು, ಹಣ ಕೊಡದೆ ಹೊರಗೊಯ್ದರೆ ಕೂಗುವ ಟ್ಯಾಗ್ ಚುಚ್ಚಿರುತ್ತಾರೆ ಎಂಬುದು ನನಗೆ, ರಿಟರ್ನ್ಸ್ ಅಂಕಲ್‌ಗೆ, ತಿಳಿಯದ ವಿಷಯವೇ? ತಿಳಿದಿತ್ತು. ನಾನು ಅವನನ್ನು ಏನೂ ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಡಬಹುದು ಎಂದು ಕೇಳಲಿಲ್ಲ.

ಮಾರಾಟ ಜೋರಾಗಿ ನಡೆಯಿತು. ಕೊಂಡವರು ಐದು ನಕ್ಷತ್ರ ಕೊಟ್ಟು, ಒಳ್ಳೆಯ ವ್ಯಾಪಾರಿ ಎಂದು ಬರೆಯುತ್ತಿದ್ದರು. ಬೆಳಿಗ್ಗೆ ಎದ್ದು ಅದನ್ನು ಓದುವುದೇ ನನ್ನ ಸುಪ್ರಭಾತವಾಗಿತ್ತು. ಮಾರಾಟವಾಗದ ಕೋಟುಗಳನ್ನು ಆ ಗೆಳೆಯ ಕದ್ದ ಅಂಗಡಿಗೇ ಒಯ್ದು, ರಸೀದಿ ಕಳೆದುಹೋಗಿದೆ ಎಂದು ಹೇಳಿ ವಾಪಸ್ ಕೊಟ್ಟು, ಬದಲಿಗೆ ಗಿಫ್ಟ್ ಕಾರ್ಡ್ ತರುತ್ತಿದ್ದ. ಅದನ್ನೂ ನಾನು ಮಾರುತ್ತಿದ್ದೆ. ಹರಕು ಇದ್ದರೆ ಇದು ಯಾವುದೂ ನಡೆಯುತ್ತಿರಲಿಲ್ಲ. ಎಲ್ಲವೂ ನಿಂತಿದ್ದು ಆಪಾ ಅವರ ಸೂಜಿಯ ಮೇಲೆ.

ಅವರಿಗೆ ನಾನು ಹೇಳಿದ್ದು ಇದು: ನನ್ನ ಅಕ್ಕನ ಮಗ ಲಡಾಖಿನಲ್ಲಿ ರಸ್ತೆ ಹಾಕಿಸುವ ಕೆಲಸದಲ್ಲಿದ್ದಾನೆ, ಅವನ ಕೈಕೆಳಗಿನ ಕೂಲಿಗಳಿಗೆ ಚಳಿ, ಕೆಟ್ಟ ಮಾಲನ್ನು ಅಗ್ಗಕ್ಕೆ ಕೊಂಡು ಕಳಿಸುತ್ತೇನೆ. ಅಂಥ ಅಕ್ಕನ ಮಗ ನನಗಿಲ್ಲ. ಯಾಕೆ ಲಡಾಖ್ ಎಂದೆನೋ ತಿಳಿಯದು. ಗದುಗಿನಲ್ಲಿ ಉಣ್ಣೆ ಕೋಟು ಯಾರೂ ಹಾಕುವುದಿಲ್ಲವಲ್ಲ.

"ಕೂಲಿಗಳಿಗೆ ಇಂಥ ಕೋಟಾ? ನಿಮ್ಮ ಅಕ್ಕನ ಮಗ ಬಾದಶಹನಾ?" ಎಂದು ನಕ್ಕರು. ಆಮೇಲೆ ಕೋಟಿನ ಒಳಗಿನ ಮಡಿಕೆಯಿಂದಲೇ ನೂಲು ಎಳೆದು, ತೂತಿನ ಸುತ್ತ ಸೂಜಿ ಓಡಿಸಿದರು. ಕಾಲರಿಗೆ ಬೇಡದಿದ್ದರೂ ಇನ್ನೊಂದು ಸುತ್ತು ಹೊಲಿದರು. "ಅಲ್ಲಿ ಗಾಳಿ ಕತ್ತಿಗೇ ಬರುತ್ತೆ." ದುಡ್ಡು ಕೊಡಲು ಹೋದರೆ ಕೈ ಹಿಂದೆ ಎಳೆದುಕೊಂಡರು. "ರಸ್ತೆ ಹಾಕೋರ ಹತ್ರ ನಾನು ಕೂಲಿ ತಗೊಳ್ಳೋದಾ?"

ಅಲ್ಲಿಂದ ಮುಂದೆ ಅವರು ಕೇಳುತ್ತಲೇ ಇದ್ದರು. ಕೋಟು ತಲುಪಿತಾ, ಸರಿ ಆಯಿತಾ, ಏನಂದರು. ನಾನು ಕಥೆ ಕಟ್ಟಿದೆ. ಬಿಹಾರದ ಒಬ್ಬ ಮುದುಕನಿಗೆ ತೋಳು ಉದ್ದವಾಗಿದೆಯಂತೆ ಎಂದೆ. ಇನ್ನೊಬ್ಬ ಕೋಟು ಹಾಕಿಕೊಂಡೇ ಮಲಗುತ್ತಾನಂತೆ ಎಂದೆ. ಅವರು ಬಿದ್ದು ಬಿದ್ದು ನಕ್ಕರು, ನಮಾಜಿನಲ್ಲಿ ಆ ಕೂಲಿಗಳಿಗಾಗಿ ದುವಾ ಮಾಡಿದೆ ಎಂದರು. ಆದರೂ ಮುಂದಿನ ವಾರ ಮತ್ತೆ ಕೋಟು ಹೊತ್ತು ಮೆಟ್ಟಿಲು ಹತ್ತಿದೆ.

ಆ ದಿನಗಳಲ್ಲೇ ಅವರು ಈ ದೇಶದ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಅವರು ಕಾರು ಓಡಿಸುತ್ತಿರಲಿಲ್ಲ. ಮಸೀದಿಗೆ, ಡಾಕ್ಟರ ಬಳಿಗೆ ನಾನೇ ಕರೆದೊಯ್ಯುತ್ತಿದ್ದೆ. ಬೆನ್ನಿಗೆ ಒಂದು ಪುಟ್ಟ ದಿಂಬು ಇಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ದಾರಿಯುದ್ದಕ್ಕೂ ನಾನು ಇಂಟರ್‌ವ್ಯೂ ಪ್ರಶ್ನೆಗಳನ್ನು ಕೇಳುತ್ತಿದ್ದೆ, ಇಂಗ್ಲಿಷ್ ಪದಗಳ ಅರ್ಥ ಹೇಳುತ್ತಿದ್ದೆ. ಎಂದಾದರೂ ಅಪರಾಧ ಮಾಡಿದ್ದೀರಾ, ಸಿಕ್ಕಿಬೀಳದಿದ್ದರೂ ಹೇಳಿ ಎಂಬಂಥ ಪ್ರಶ್ನೆಯೂ ಅದರಲ್ಲಿ ಇತ್ತು. ಅವರು ಬಹಳ ಯೋಚಿಸಿದರು.

"ಚಿಕ್ಕವಳಿದ್ದಾಗ ಪಕ್ಕದ ಮನೆ ಸೀಬೆಹಣ್ಣು ಕದ್ದಿದ್ದೀನಿ. ಹೇಳ್ಬೇಕಾ?"

"ಬ್ಯಾಡ್ರಿ ಆಪಾ, ಅದನ್ನ ಹೇಳಿದ್ರ ಅವ್ರು ಹೌಹಾರ್ತಾರ."

"ಸ್ಟೋಲನ್ ಅಂದ್ರೆ ಕದ್ದಿದ್ದು ತಾನೆ? ಸೀಬೆಹಣ್ಣಿಗೂ ಅದೇನಾ, ಕೋಟು-ಗೀಟಿಗೂ ಅದೇನಾ?"

"ಎಲ್ಲಕ್ಕೂ ಅದೇ ರೀ" ಎಂದೆ. ಕೂಡಲೇ ಮುಂದಿನ ಪ್ರಶ್ನೆ ಕೇಳಿದೆ.

ಇಂಟರ್‌ವ್ಯೂಗೆ ಒಂದು ತಿಂಗಳಿರುವಾಗ ಮಗಳು ತಂದ ಹೊಸ ಇಸ್ತ್ರಿ ಪೆಟ್ಟಿಗೆ ನೀರು ಸೋರತೊಡಗಿತು. ವಾಪಸ್ ಕೊಟ್ಟು ಬರೋಣ, ಎವರೆಟ್ಟಿನ ಅಂಗಡಿಗೆ ಕರೆದೊಯ್ಯಿರಿ ಎಂದರು. ನಮ್ಮ ಕೋಟುಗಳು ಬರುತ್ತಿದ್ದುದೂ ಅದೇ ಅಂಗಡಿಯಿಂದ ಎಂದು ನನಗೆ ಗೊತ್ತಿತ್ತು. ಆದರೆ ಅಲ್ಲಿಗೆ ಹೋಗುತ್ತಿದ್ದುದು ಗೆಳೆಯ, ನಾನಲ್ಲ. ಏನಾಗುತ್ತದೆ ಎಂದುಕೊಂಡು ಹೊರಟೆ.

ವಾಪಸ್ ಕೊಡುವ ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕಪ್ಪು ಕೋಟೊಂದನ್ನು ಹರಡಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅಂಗಡಿಯ ಕಾವಲಿನವನು. ಅವಳು ಕಾಲರನ್ನು ಮೇಲೆತ್ತಿ ಅವನಿಗೆ ಏನನ್ನೋ ತೋರಿಸುತ್ತಿದ್ದಳು. ಅಲ್ಲಿ ಸಾಸಿವೆ ಕಾಳಿನಷ್ಟು ಹಸಿರು.

ಆಪಾ ಇಸ್ತ್ರಿ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಭಾಯಿ, ಇದು ಲಡಾಖಿಗೆ ಹೋಗಿತ್ತಲ್ಲ?"

"ಅಂಥಾ ಕೋಟು ಬಾಳ ಇರ್ತಾವ್ರಿ ಆಪಾ. ಬರ್ರಿ, ಇನ್ನೊಮ್ಮಿ ಬರೂಣು."

"ಕೋಟು ಬೇಕಾದಷ್ಟು ಇರ್ಬಹುದು. ಈ ಗಂಟು ನಂದು." ಅವರು ಕೌಂಟರಿನವಳನ್ನು ನೋಡಿ, ಕಚ್ಚು ಬಿದ್ದ ಉಗುರನ್ನು ಆ ಹಸಿರಿನ ಮೇಲಿಟ್ಟು, "ದಿಸ್ ಮೈ ವರ್ಕ್" ಎಂದರು. ಹೆಮ್ಮೆಯಿಂದಲೇ ಎಂದರು.

ಕಾವಲಿನವನು ನಿಧಾನವಾಗಿ, ಮರ್ಯಾದೆಯಿಂದಲೇ ವಿವರಿಸಿದ. ಈ ಕೋಟು ಮಾರಾಟವಾದದ್ದೇ ಅಲ್ಲ. ಇಲ್ಲಿಂದ ಕದ್ದು, ಇಲ್ಲಿಗೇ ವಾಪಸ್ ತಂದದ್ದು. ಇಂಥ ಹಸಿರು ಗಂಟಿನ ಕೋಟು ಮೊದಲೂ ಬಂದಿವೆ. ಆಪಾ ನನ್ನ ಮುಖ ನೋಡಿದರು, ಅನುವಾದ ಮಾಡಿ ಎನ್ನುವಂತೆ.

"ಏನೋ ಲೆಕ್ಕ ತಪ್ಪೇತಂತ್ರಿ" ಎಂದೆ.

"ಸ್ಟೋಲನ್ ಅಂದ. ನಂಗೆ ಗೊತ್ತು ಆ ಮಾತು. ನೀವೇ ಹೇಳ್ಕೊಟ್ಟಿದ್ದು."

ಅವರ ದನಿ ಏರಲಿಲ್ಲ. ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕಾರಿನಲ್ಲಿ ಮೊಬೈಲ್ ಬಿಟ್ಟಿದ್ದೇನೆ, ತರುತ್ತೇನೆ ಎಂದು ಹೇಳಿ ಹೊರಗೆ ನಡೆದುಬಿಟ್ಟೆ. ಮೊಬೈಲ್ ಜೇಬಿನಲ್ಲೇ ಇತ್ತು. ಕಾರಿನಲ್ಲಿ ಕೂತು ಎಂಜಿನ್ ಶುರು ಮಾಡಿದೆ. ಮಳೆ ಬರುತ್ತಿತ್ತು, ವೈಪರ್ ತನ್ನ ಪಾಡಿಗೆ ಓಡಾಡುತ್ತಿತ್ತು. ಪೊಲೀಸರಿಗೆ ಅವರು ಏನು ಹೇಳಿಯಾರು, ಯಾರು ನಂಬಿಯಾರು? ಕೋಟಿನ ಮೇಲೆ ಇರುವುದು ಅವರ ಗುರುತು, ನನ್ನದಲ್ಲ. ಈ ಯೋಚನೆ ನನಗೆ ಬಂತು. ಬಂದು ಒಂದು ಗಳಿಗೆ ಸಮಾಧಾನವನ್ನೂ ಕೊಟ್ಟಿತು. ಆ ಸಮಾಧಾನವೇ ನಾನು ಮಾಡಿದ್ದರಲ್ಲಿ ಅತಿ ಕೆಟ್ಟದ್ದು, ಕೋಟು ಮಾರಿದ್ದಕ್ಕಿಂತ.

ರಿವರ್ಸ್ ಹಾಕಲು ಹಿಂದೆ ತಿರುಗಿದೆ. ಪಕ್ಕದ ಸೀಟಿನಲ್ಲಿ ಅವರ ದಿಂಬು ಇತ್ತು. ಬೆನ್ನು ಒತ್ತಿದ ತಗ್ಗು ಅದರಲ್ಲಿ ಇನ್ನೂ ಹಾಗೇ ಇತ್ತು. ಎಂಜಿನ್ ಆರಿಸಿ ಇಳಿದೆ.

ಅವರನ್ನು ಕೌಂಟರಿನ ಹಿಂದಿನ ಸಣ್ಣ ಕೋಣೆಯಲ್ಲಿ ಕೂರಿಸಿದ್ದರು. ಮಡಿಲಲ್ಲಿ ಇಸ್ತ್ರಿ ಪೆಟ್ಟಿಗೆ. ನನ್ನನ್ನು ನೋಡಿ ಕಾವಲಿನವನು, ಇವರೇ ಏನು ಎಂದು ಅವರನ್ನು ಕೇಳಿದ. ಅವರು ಹೌದೆಂದು ತಲೆಯಾಡಿಸಿದರು. ಕೋಟು ತಂದುಕೊಟ್ಟವರು ಯಾರು ಎಂದು ಅವನು ಆಗಿನಿಂದ ಕೇಳುತ್ತಿದ್ದನಂತೆ. ಆಪಾ ನನ್ನ ಹೆಸರು ಹೇಳಿರಲಿಲ್ಲ. ತಂದುಕೊಟ್ಟವರು ಕಾರು ನಿಲ್ಲಿಸಲು ಹೋಗಿದ್ದಾರೆ, ಬರುತ್ತಾರೆ, ಬಂದು ಅವರೇ ಹೇಳುತ್ತಾರೆ ಎಂದಷ್ಟೇ ಮತ್ತೆ ಮತ್ತೆ ಹೇಳಿದ್ದರಂತೆ.

ಕಾರು ನಿಲ್ಲಿಸಿಯೇ ನಾವು ಒಟ್ಟಿಗೆ ಒಳಗೆ ಬಂದಿದ್ದೆವು.

"ಜಾಗ ಸಿಕ್ತಾ ಭಾಯಿ?" ಎಂದರು.

"ಸಿಕ್ತ್ರಿ ಆಪಾ" ಎಂದೆ. ಅವರ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಗೆಳೆಯನ ಹೆಸರು, ನನ್ನ ಇಂಟರ್‌ನೆಟ್ ಅಂಗಡಿ, ಗಿಫ್ಟ್ ಕಾರ್ಡು, ಎಲ್ಲ. ಪೊಲೀಸರು ಬಂದ ಮೇಲೆ ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಸುಲಭವಾಯಿತು. ಅಂದು ಬರೆದುಕೊಂಡು ಕಳಿಸಿದರು, ಆಮೇಲೆ ಕರೆಸಿದರು.

ಮನೆಗೆ ಬರುವ ದಾರಿಯಲ್ಲಿ, ನಮ್ಮ ರಸ್ತೆಗೆ ತಿರುಗುವಾಗ ಆಪಾ ಕೇಳಿದರು.

"ಆ ಅಕ್ಕನ ಮಗ?"

"ಇಲ್ರಿ."

"ಬಿಹಾರದ ಮುದುಕ? ತೋಳು ಉದ್ದ ಆಗಿತ್ತಲ್ಲ, ಅವ್ನು?"

"ಅವನೂ ಇಲ್ರಿ ಆಪಾ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಕಳ್ಳಮಾಲಿಗಿಂತ ಅವರಿಗೆ ನೋವಾದದ್ದು ಆ ಮುದುಕ ಇಲ್ಲ ಎಂಬುದಕ್ಕೆ. ಅಷ್ಟು ದಿನ ಅವನಿಗಾಗಿ ಬೇಡಿಕೊಂಡಿದ್ದರು.

ಅಂದು ಸಂಜೆ ಮಗಳು ಕೆಳಗಿಳಿದು ಬಂದಳು. ಬಾಗಿಲಲ್ಲೇ ನಿಂತು, "ಅಮ್ಮನ ಇಂಟರ್‌ವ್ಯೂ ಮುಂದಿನ ತಿಂಗಳು ಅಂಕಲ್. ಪ್ರಶ್ನೆ ಕೇಳಿ ಕೇಳಿ ಪ್ರಾಕ್ಟೀಸ್ ಮಾಡಿಸಿದೋರು ನೀವು. ಕಳ್ಳಮಾಲಿನ ಕೇಸಲ್ಲಿ ಹೆಸರು ಬಂದ್ರೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದಳು. ಕದ್ದದ್ದೆಂದು ಕೇಳಿದ ಮೇಲೂ, ಗುರುತು ತಮ್ಮದೆಂಬ ಮಾತನ್ನು ಹಿಂತೆಗೆದುಕೊಳ್ಳದೆ ಕೂತಾಗ ಆಪಾ ಅವರಿಗೂ ಇದು ಗೊತ್ತಿತ್ತು. ತಪ್ಪಿ ಹೇಳಿದೆ ಎಂದು ಇಸ್ತ್ರಿ ಪೆಟ್ಟಿಗೆ ಕೊಟ್ಟು ಬಂದಿದ್ದರೆ ಆ ಹಸಿರು ಯಾರದೆಂದು ಯಾರೂ ಕಂಡುಹಿಡಿಯುತ್ತಿರಲಿಲ್ಲ.

ಇಂಟರ್‌ವ್ಯೂ ಆಯಿತು, ತೀರ್ಮಾನ ತಡೆದು ನಿಂತಿತು. ಅಪರಾಧದ ಪ್ರಶ್ನೆ ಬಂದಾಗ ಅವರು ಅಧಿಕಾರಿಗೆ ಕೋಟುಗಳ ವಿಷಯ ಎಲ್ಲ ಹೇಳಿದರಂತೆ. ಸೀಬೆಹಣ್ಣನ್ನೂ ಸೇರಿಸಿ. ಅವರಿಗೆ ಏನೂ ತಿಳಿದಿರಲಿಲ್ಲ, ಸುಳ್ಳು ಹೇಳಿದವನು ನಾನು ಎಂದು ನಾನು ವಕೀಲರ ಮುಂದೆ ಹೇಳಿ ಸಹಿ ಹಾಕಿಕೊಟ್ಟೆ. ಅಂಗಡಿಯ ಆ ಕಾವಲಿನವನೂ ಬಂದು ಅವರ ಪರವಾಗಿ ಮಾತಾಡಿದ. ಕಾದು ಕಾದು ಕೊನೆಗೆ ಒಪ್ಪಿಗೆ ಬಂತು. ಪ್ರಮಾಣ ಸ್ವೀಕರಿಸುವ ದಿನ ಮಗಳಿಗೆ ನನ್ನನ್ನು ಕರೆಯುವ ಮನಸ್ಸಿರಲಿಲ್ಲ. ಆಪಾ ಮೇಲಿನಿಂದಲೇ ಕೂಗಿದರು: "ಭಾಯಿ, ಕಾರು ತೆಗೀರಿ. ಡ್ರೈವರ್ ಇಲ್ದೆ ನಾನು ಅಮೆರಿಕದೋಳು ಆಗಲ್ಲ." ಮಗಳು ಹಿಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವಳೂ ನಕ್ಕಳು.

ನನ್ನ ಪ್ರಕರಣದಲ್ಲಿ ನ್ಯಾಯಾಲಯ ನನ್ನನ್ನು ಜೈಲಿಗೆ ಕಳಿಸಲಿಲ್ಲ. ನಷ್ಟ ತುಂಬಿಸಿತು, ಸಮಾಜಸೇವೆಯ ಶಿಕ್ಷೆ ಹಾಕಿತು. ನಮ್ಮ ಜನ ಫೋನ್ ಮಾಡುವುದನ್ನು ನಿಲ್ಲಿಸಿದರು. ಟ್ಯಾಗ್ ಮಡಿಚುವುದನ್ನು ನಿಲ್ಲಿಸಿದರೋ ಗೊತ್ತಿಲ್ಲ. ದಾನವಾಗಿ ಬಂದ ಚಳಿಗಾಲದ ಬಟ್ಟೆಗಳನ್ನು ಬೇರ್ಪಡಿಸುವ ಒಂದು ಜಾಗದಲ್ಲಿ ನನಗೆ ಆ ಸೇವೆಯ ಕೆಲಸ ಕೊಟ್ಟರು. ಹರಿದವನ್ನು ಅಲ್ಲಿ ಎಸೆದುಬಿಡುತ್ತಿದ್ದರು. ಒಂದು ದಿನ ಕೇಳಿಕೊಂಡು ನಾಲ್ಕಾರು ಕೋಟು ಮನೆಗೆ ತಂದೆ. ಮೆಟ್ಟಿಲ ಕೆಳಗೆ ಬಹಳ ಹೊತ್ತು ನಿಂತಿದ್ದು, ಹತ್ತಿದೆ.

ಆಪಾ ಒಂದನ್ನು ಬೆಳಕಿಗೆ ಹಿಡಿದರು. "ಯಾರು ಹಾಕ್ಕೋತಾರೆ?"

"ಗೊತ್ತಿಲ್ರಿ ಆಪಾ. ಯಾರಿಗೆ ಸಿಗತೈತೋ ಖರೇನ ಗೊತ್ತಿಲ್ಲ."

ಅವರು ನನ್ನನ್ನು ನೋಡಿದರು. "ಪರವಾಗಿಲ್ವೇ. ಇದೊಂದು ಕೋಟಿಗೆ ಹೆಸರಿಲ್ದಿದ್ರೂ ನಿಜ ಇದೆ. ತನ್ನಿ, ಆ ಸೂಜಿ ಡಬ್ಬಿ."

ಅಂದಿನಿಂದ ಅವರ ಪಕ್ಕದಲ್ಲಿ ಕೂತು ಒಳಮಡಿಕೆಯಿಂದ ನೂಲು ಬಿಡಿಸಿಕೊಡುವುದು ನನ್ನ ಕೆಲಸವಾಯಿತು. ನನ್ನ ದಪ್ಪ ಬೆರಳಿಗೆ ನೂಲು ತುಂಡಾಗುತ್ತಿತ್ತು. "ಗೋದಾಮಿನೋರ ಕೈ, ಏನ್ ಮಾಡೋದು" ಎಂದು ಛೇಡಿಸುತ್ತಿದ್ದರು. ನನ್ನ ಶಿಕ್ಷೆ ಮುಗಿದ ಮೇಲೂ ಅದು ನಿಲ್ಲಲಿಲ್ಲ. ಎವರೆಟ್ಟಿನ ಬಸ್ ನಿಲ್ದಾಣದಲ್ಲಿ ಯಾರ ಕಾಲರಾದರೂ ಗಾಳಿಗೆ ಎದ್ದರೆ ಹಸಿರು ಕಾಣುತ್ತದೆಯೇ ಎಂದು ನಾನು ಈಗಲೂ ಹುಡುಕುತ್ತೇನೆ. ಒಮ್ಮೆ ಕಂಡಿದ್ದೇನೆ. ಬಿಳಿ ಗಡ್ಡದ ಮುದುಕ, ತೋಳು ಉದ್ದವಾಗಿ ಬೆರಳಿನವರೆಗೂ ಬಂದಿತ್ತು. ಓಡಿ ಬಂದು ಆಪಾ ಅವರಿಗೆ ಹೇಳಿದೆ.

"ಸುಳ್ಳಲ್ಲ ತಾನೆ?"

"ನಿಮ್ಮ ಆಣಿ ರೀ ಆಪಾ."

"ಹಾಗಾದ್ರೆ ಬಿಹಾರದೋನು ಇಲ್ಲಿಗೇ ಬಂದ" ಎಂದು ನಕ್ಕರು, ಹಳೆಯ ನಗುವನ್ನೇ ನಕ್ಕರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೆ. ಮಸೀದಿಯವರು ಕೊನೆಯ ನಮಾಜು ಮಾಡುವಾಗ ನಾನು ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದೆ. ಮಣ್ಣು ಹಾಕುವಾಗ ಮಗಳ ಗಂಡ ನನ್ನನ್ನು ಮುಂದಕ್ಕೆ ಕರೆದರು. ಅಲ್ಲಿದ್ದ ಒಬ್ಬರು ನಾನು ಯಾರೆಂದು ಕೇಳಿದರು. "ಅತ್ತೆಯವರ ಡ್ರೈವರು" ಎಂದರು ಅವರು. ನನ್ನನ್ನು ಜನ ಏನೇನೋ ಕರೆದಿದ್ದಾರೆ. ನಾನು ತಲೆಯೆತ್ತಿ ನಿಂತು ಕೇಳಿಸಿಕೊಂಡ ಹೆಸರು ಅದೊಂದೇ.

ಆ ದಿಂಬು ಈಗಲೂ ಪಕ್ಕದ ಸೀಟಿನಲ್ಲಿದೆ. ಯಾವುದೇ ಅಂಗಡಿಯ ಮುಂದೆ ಕಾರು ನಿಲ್ಲಿಸಿದರೂ ನಾನು ಒಳಗೆ ಕೂತಿರುವುದಿಲ್ಲ. ಎಂಜಿನ್ ಆರಿಸಿ ಬೇಗ ಇಳಿಯುತ್ತೇನೆ. ನಾನು ಬರುತ್ತೇನೆಂದು ಒಳಗೆ ಒಬ್ಬರು ಹೇಳಿಬಿಟ್ಟಿರುತ್ತಾರೆ.